ಜೋಗದ ನೀರು ಗಿರಾಕಿಗಾಗಿ ಕಾದದ್ದು

ಜೋಗ ನೋಡಲು ಹೋದವರಿಗೆ ಹೊಳೆಯ ಆಚೆ ದಡದಲ್ಲಿ ಒಂದು ಬಂಗಲೆ ಕಾಣುತ್ತದೆ. ನಮ್ಮ ಕಡೆಯ ಹಳಬರು ಅದನ್ನು ಬಾಂಬೆ ಬಂಗಲೆ ಅಂತಲೇ ಕರೆಯುತ್ತಾರೆ. ಈಚೆ ದಡದ್ದು ಮೈಸೂರು ಬಂಗಲೆ. ಸಾಗರ ತಾಲೂಕು ಮೈಸೂರು ಮಹಾರಾಜರದ್ದು, ಆಚೆಯ ಸಿದ್ದಾಪುರ ತಾಲೂಕು ಬ್ರಿಟಿಷರ ಬೊಂಬಾಯಿ ಪ್ರಾಂತ್ಯದ್ದು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ತೆಗೆದು ಬೊಂಬಾಯಿಗೆ ಸೇರಿಸಿದ್ದರು. 1956ರಲ್ಲಿ ರಾಜ್ಯಗಳು ಒಂದಾಗುವವರೆಗೂ ಹಾಗೇ ಇತ್ತು. ಎರಡೂ ಬಂಗಲೆಗಳಲ್ಲಿ ಸಾಹೇಬರು ಇಳಿದುಕೊಳ್ಳುತ್ತಿದ್ದರು. 253 ಮೀಟರ್ ಎತ್ತರದಿಂದ ಬೀಳುವ ನೀರನ್ನು ನೋಡಿಕೊಂಡು ಹೋಗುತ್ತಿದ್ದರು.

ಸರ್ ಎಂ. ವಿಶ್ವೇಶ್ವರಯ್ಯನವರು ಇಲ್ಲಿ ನಿಂತು 'ಎಷ್ಟೊಂದು ಶಕ್ತಿ ಹಾಳಾಗಿ ಹೋಗುತ್ತಿದೆ' ಅಂದರಂತೆ ಎನ್ನುವ ಕತೆಯನ್ನು ಶಿವಮೊಗ್ಗ ಜಿಲ್ಲೆಯ ಪ್ರತಿ ಶಾಲೆಯ ಮೇಷ್ಟ್ರೂ ಹೇಳಿದ್ದಾರೆ. ನನಗೂ ಹೇಳಿದ್ದರು. ಆ ಕತೆ ಕೇಳಿದರೆ, ಒಬ್ಬ ಬುದ್ಧಿವಂತರು ಬಂದು ನೋಡುವವರೆಗೂ ಯಾರಿಗೂ ಹೊಳೆದಿರಲಿಲ್ಲ, ಅವರು ಹೇಳಿದ ಕೂಡಲೇ ಕರೆಂಟು ಬಂತು ಅನ್ನಿಸುತ್ತದೆ. ಇಸವಿಗಳನ್ನು ಅಕ್ಕಪಕ್ಕ ಇಟ್ಟರೆ ಬೇರೆಯದೇ ಕಾಣುತ್ತದೆ. ಇದೇ ಮೈಸೂರು ಸಂಸ್ಥಾನ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದದ್ದು 1902ರ ಜೂನ್‌ನಲ್ಲಿ. ಜೋಗದಲ್ಲಿ ಶರಾವತಿಯಿಂದ ತೆಗೆದದ್ದು 1948ರಲ್ಲಿ. ನಡುವೆ 46 ವರ್ಷ. ಶಿವನಸಮುದ್ರಕ್ಕಿಂತ ಜೋಗದ ನೀರು ಎರಡು ಪಟ್ಟು ಎತ್ತರದಿಂದ ಬೀಳುತ್ತದೆ. ಮತ್ತೆ ಯಾಕೆ ಅಷ್ಟು ತಡ?

ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಬ್ರಿಟಿಷರ ಕಾಲದ ಕರೆಂಟಿನ ವ್ಯವಹಾರ ಹೇಗಿತ್ತು ಅಂತ ನೋಡಬಹುದು. ಸಾಮಾನ್ಯವಾಗಿ ಕೊಡುವ ಕಾರಣಗಳನ್ನು ಒಂದೊಂದಾಗಿ ತೂಗಿ ನೋಡೋಣ.

ಮೊದಲು ಲೆಕ್ಕ

ನೀರಿನಿಂದ ಎಷ್ಟು ಕರೆಂಟು ಬರುತ್ತದೆ ಅನ್ನುವುದಕ್ಕೆ ಎರಡೇ ಸಂಗತಿ ಮುಖ್ಯ. ಸೆಕೆಂಡಿಗೆ ಎಷ್ಟು ನೀರು, ಎಷ್ಟು ಎತ್ತರದಿಂದ. ಸೆಕೆಂಡಿಗೆ 1000 ಲೀಟರ್ ನೀರನ್ನು ಜೋಗದ ಬಂಡೆಯಷ್ಟು ಎತ್ತರದಿಂದ ಪೈಪಿನಲ್ಲಿ ಇಳಿಸಿ ಟರ್ಬೈನಿಗೆ ಬಿಟ್ಟರೆ, ತಿಕ್ಕಾಟದಲ್ಲಿ ಯಂತ್ರದಲ್ಲಿ ಹೋಗುವುದು ಹೋಗಿ, ಸುಮಾರು 2 ಮೆಗಾವ್ಯಾಟ್ ಕೈಗೆ ಸಿಗುತ್ತದೆ. ಶಿವನಸಮುದ್ರದಲ್ಲಿ ಶುರುವಿಗೆ ಕೂರಿಸಿದ್ದು 720 ಕಿಲೋವ್ಯಾಟಿನ 6 ಯಂತ್ರ. ಒಟ್ಟು 4320 ಕಿಲೋವ್ಯಾಟ್. ಅಂದರೆ ಜೋಗದಲ್ಲಿ ಸೆಕೆಂಡಿಗೆ ಎರಡೂಕಾಲು ಸಾವಿರ ಲೀಟರ್ ಬಿಟ್ಟಿದ್ದರೂ 1902ರ ಇಡೀ ಶಿವನಸಮುದ್ರಕ್ಕೆ ಸಮ ಆಗುತ್ತಿತ್ತು. ಆಷಾಢದಲ್ಲಿ ಜೋಗ ನೋಡಿದವರಿಗೆ ಗೊತ್ತು, ಅದು ರಾಣಿಯ ಒಂದು ಸೆರಗಿಗೂ ಸಾಲದ ನೀರು.

ಆದರೆ ಆಷಾಢದ ಜೋಗ ಬೇರೆ, ಚೈತ್ರದ ಜೋಗ ಬೇರೆ. ಬೇಸಿಗೆಯಲ್ಲಿ ಬರುವ ನೆಂಟರನ್ನು ಜೋಗಕ್ಕೆ ಕರೆದುಕೊಂಡು ಹೋಗಿ ಬೈಸಿಕೊಂಡ ಅನುಭವ ಸಾಗರದ ಎಲ್ಲರಿಗೂ ಇದೆ. ಈಗ ಅಣೆಕಟ್ಟು ಕಟ್ಟಿದ್ದರಿಂದ ಹೀಗಾಯಿತು ಅಂತ ನಾವು ಸಮಾಧಾನ ಹೇಳುತ್ತೇವೆ. ಅಣೆಕಟ್ಟು ಇಲ್ಲದ ಕಾಲದಲ್ಲೂ ಬೇಸಿಗೆಗೆ ಅದು ಸೊರಗುತ್ತಿತ್ತು. ತೀರ್ಥಹಳ್ಳಿ ಹತ್ತಿರದ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿ ಚಿಕ್ಕ ಹೊಳೆ. ಮಳೆಗಾಲದ ನಾಲ್ಕು ತಿಂಗಳಲ್ಲಿ ವರ್ಷದ ಹೆಚ್ಚಿನ ನೀರೆಲ್ಲ ಹೋಗಿಬಿಡುತ್ತದೆ. ವರ್ಷವಿಡೀ ಯಂತ್ರ ತಿರುಗಬೇಕಾದರೆ ಜಲಪಾತದ ಮೇಲೆ ಎಲ್ಲೋ ನೀರು ನಿಲ್ಲಿಸಲೇಬೇಕು.

ಹಾಗಾಗಿ ಮೊದಲ ಕಾರಣ: ಅಣೆಕಟ್ಟು ಬೇಕಿತ್ತು, ಅದಕ್ಕೇ ತಡವಾಯಿತು. ಇದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಆದರೂ ಇದೇ ಸಹ್ಯಾದ್ರಿಯ ಸಾಲಿನಲ್ಲಿ, ಬೊಂಬಾಯಿಯ ಹಿಂದಿನ ಲೋಣಾವಳದ ಘಟ್ಟದ ಮೇಲೆ, ಇಂಥದೇ ಮಳೆಗಾಲದ ನೀರನ್ನು ಕೆರೆಗಳಲ್ಲಿ ತುಂಬಿಸಿ, ಅರ್ಧ ಕಿಲೋಮೀಟರಿಗೂ ಹೆಚ್ಚು ಆಳದ ಖೋಪೋಲಿಗೆ ಪೈಪಿನಲ್ಲಿ ಇಳಿಸಿ, ಟಾಟಾ ಕಂಪನಿಯವರು 1915ರಲ್ಲೇ ಕರೆಂಟು ತೆಗೆದಿದ್ದರು. ಅಲ್ಲಿ ಬೇಸಿಗೆಗೆ ಕಾಯುವ ಹೊಳೆ ಕೂಡ ಇರಲಿಲ್ಲ. ಮಳೆ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೂ ಅಣೆಕಟ್ಟುಗಳು ಎದ್ದವು. ಯಾಕೆಂದರೆ ಬೊಂಬಾಯಿಯ ಬಟ್ಟೆ ಗಿರಣಿಗಳು ಕಲ್ಲಿದ್ದಲಿನ ಬದಲು ಕರೆಂಟು ಕೊಳ್ಳಲು ತಯಾರಾಗಿ ನಿಂತಿದ್ದವು.

ಗಡಿಯ ತಕರಾರು

ಎರಡನೇ ಕಾರಣ ಆ ಎರಡು ಬಂಗಲೆಗಳದ್ದು. ಹೊಳೆಯ ಈಚೆ ಒಂದು ಸರ್ಕಾರ, ಆಚೆ ಇನ್ನೊಂದು. ಜಲಪಾತದ ಕೆಳಗೆ ಗೇರುಸೊಪ್ಪೆಯ ಕಡೆ ಹರಿದ ಹೊಳೆ ಬೊಂಬಾಯಿ ಸೀಮೆಗೆ ಸೇರುತ್ತಿತ್ತು. ಮೇಲೆ ನೀರು ಹಿಡಿದರೆ ಕೆಳಗಿನವರನ್ನು ಕೇಳಬೇಕು. ಮೈಸೂರಿಗೆ 1881ರಲ್ಲಿ ಒಡೆಯರ ಆಳ್ವಿಕೆ ಮರಳಿ ಬಂದಿದ್ದರೂ ಪಕ್ಕದ ಪ್ರಾಂತ್ಯದ ಜೊತೆ ತಾನೇ ಕೂತು ತೀರ್ಮಾನ ಮಾಡುವ ಸ್ವಾತಂತ್ರ್ಯ ಇರಲಿಲ್ಲ. ನಡುವೆ ರೆಸಿಡೆಂಟರು, ಅಂದರೆ ಸಂಸ್ಥಾನದಲ್ಲಿ ಕೂತ ಬ್ರಿಟಿಷರ ಪ್ರತಿನಿಧಿ, ಅವರ ಮೇಲೆ ಭಾರತ ಸರ್ಕಾರ. ಒಂದು ಕಾಗದ ಹೋಗಿ ಬರುವುದರಲ್ಲಿ ಒಂದು ಮಳೆಗಾಲ ಕಳೆಯುತ್ತಿತ್ತು ಅಂತ ಊಹಿಸಿಕೊಳ್ಳಬಹುದು.

ಸರಿ, ಶಿವನಸಮುದ್ರ ಎಲ್ಲಿತ್ತು? ಅದೂ ಗಡಿಯಲ್ಲೇ ಇತ್ತು! ಹೊಳೆಯ ಆಚೆಯ ಕೊಳ್ಳೇಗಾಲ ತಾಲೂಕು ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದರ ಮೇಲೆ ಕಾವೇರಿ ಅಂದರೆ ತಂಜಾವೂರಿನ ಗದ್ದೆಗಳ ನೀರು. 1892ರಲ್ಲೇ ಮದರಾಸು ಮೈಸೂರಿನ ಕೈ ಕಟ್ಟಿಹಾಕುವ ಒಪ್ಪಂದ ಮಾಡಿಸಿಕೊಂಡಿತ್ತು. ಶರಾವತಿಯಲ್ಲಿ ಕಾವೇರಿಯಷ್ಟು ಜಗಳ ಯಾವತ್ತೂ ಇರಲಿಲ್ಲ. ಆದರೂ ಶಿವನಸಮುದ್ರದ ಕಾಗದ ಪತ್ರ ಓಡಿದವು. ಶತಮಾನದ ಕೊನೆಗೆ ಶುರುವಾದ ಮಾತು 1902ಕ್ಕೆ ಕರೆಂಟಾಗಿ ಬಂತು.

ಓಡಿಸಿದ್ದು ಯಾರು? ಯೋಜನೆಯನ್ನು ಹೊತ್ತು ತಿರುಗಿದವರು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಮೈಸೂರು ಸೇವೆಯಲ್ಲಿದ್ದ ರಾಯಲ್ ಎಂಜಿನಿಯರ್ಸ್ ಅಧಿಕಾರಿ ಜೋಲಿ ದ ಲಾಟ್ಬಿನಿಯರ್. ಶೇಷಾದ್ರಿ ಅಯ್ಯರ್ 1901ರಲ್ಲಿ ನಿವೃತ್ತರಾಗಿ ಅದೇ ವರ್ಷ ತೀರಿಕೊಂಡರು. ತಾವು ತಂದ ಬೆಳಕನ್ನು ಅವರು ನೋಡಲೇ ಇಲ್ಲ. ಅವರಿಬ್ಬರ ಶ್ರಮ ದೊಡ್ಡದೇ. ಆದರೆ ಅವರ ಬೆನ್ನಿಗೆ ಇದ್ದ ಬಲ ಕೋಲಾರದ ಚಿನ್ನದ ಗಣಿ. ಗಣಿಗಳನ್ನು ನಡೆಸುತ್ತಿದ್ದದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಅದಿರು ಕುಟ್ಟುವ ಯಂತ್ರಕ್ಕೆ, ಆಳದಿಂದ ನೀರೆತ್ತುವುದಕ್ಕೆ ಕಲ್ಲಿದ್ದಲು, ಸೌದೆ ಸುಟ್ಟು ಸುಟ್ಟು ಅವರಿಗೆ ಸಾಕಾಗಿತ್ತು. ಕರೆಂಟು ಕೊಟ್ಟರೆ ಕೊಳ್ಳುತ್ತೇವೆ ಅಂತ ಅವರು ಒಪ್ಪಿಕೊಂಡರು. ದರ ನಿಗದಿಯಾದದ್ದು ಯೂನಿಟ್ಟಿಗೆ ಇಷ್ಟು ಅಂತಲ್ಲ, ಒಂದು ಅಶ್ವಶಕ್ತಿಗೆ ವರ್ಷಕ್ಕೆ ಇಷ್ಟು ಅಂತ. ಉಪಯೋಗಿಸಿದರೂ ಸರಿ, ಬಿಟ್ಟರೂ ಸರಿ, ವರ್ಷದ ದುಡ್ಡು ಬರುವುದು ಖಾತ್ರಿ. ಸಾಲ ಮಾಡಿ ಯಂತ್ರ ಕೊಂಡವನಿಗೆ ಇದಕ್ಕಿಂತ ಒಳ್ಳೇ ನಿದ್ದೆ ಎಲ್ಲಿ ಬರಬೇಕು?

ಲಂಡನ್ನಿನ ಕಂಪನಿಗೆ ಕರೆಂಟು ಬೇಕು ಅಂದ ಮೇಲೆ ರೆಸಿಡೆಂಟರೂ ಅಡ್ಡ ಬರಲಿಲ್ಲ, ಮದರಾಸೂ ಜಾಸ್ತಿ ಎಳೆಯಲಿಲ್ಲ. ಯಂತ್ರಗಳು ಮದ್ದೂರು ಸ್ಟೇಷನ್ನಿಗೆ ಬಂದವು, ಅಲ್ಲಿಂದ ಎತ್ತಿನ ಗಾಡಿಯಲ್ಲಿ, ಆನೆಗಳಿಂದ ಎಳೆಸಿಕೊಂಡು ಕಾಡಿಗೆ ಹೋದವು. 147 ಕಿಲೋಮೀಟರ್ ಉದ್ದದ ತಂತಿ ಎಳೆದರು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೊಂದು. ಬೆಂಗಳೂರಿನ ಬೀದಿಗೆ ಬಲ್ಬು ಬಂದದ್ದು ಮೂರು ವರ್ಷ ತಡವಾಗಿ, 1905ರ ಆಗಸ್ಟ್ 5ರಂದು.

ಇಲ್ಲೊಂದು ಸಣ್ಣ ವಿಷಯ ನನಗೆ ತುಂಬ ಇಷ್ಟ. ಶಿವನಸಮುದ್ರದ ಯಂತ್ರಗಳ ಕರೆಂಟು ಸೆಕೆಂಡಿಗೆ 25 ಆವರ್ತದ್ದು. ಈಗ ನಮ್ಮ ಮನೆಗೆ ಬರುವುದು 50. ದೊಡ್ಡ ದೊಡ್ಡ ಮೋಟಾರು ತಿರುಗಿಸಲು 25 ಚೆನ್ನಾಗಿ ಒಗ್ಗುತ್ತದೆ. ಬಲ್ಬಿಗೆ ಮಾತ್ರ ಅದು ಒಳ್ಳೆಯದಲ್ಲ, ಬೆಳಕು ಕಣ್ಣಿಗೆ ಮಿಣುಕಿದ ಹಾಗಾಗುತ್ತದೆ. ಅಂದರೆ ಸಂಸ್ಥಾನದ ಮೊದಲ ಕರೆಂಟಿನ ನಾಡಿಬಡಿತವೇ ಗಣಿಯ ಮೋಟಾರಿಗೆ ಹೊಂದುವಂಥದು. ಮನೆಯ ದೀಪ ಆಮೇಲೆ ಬಂದು ಸೇರಿಕೊಂಡ ನೆಂಟ.

ದೂರ, ದುಡ್ಡು, ಮತ್ತು ಭದ್ರಾವತಿ

ಮೂರನೆಯದು ದೂರ. ಜೋಗದಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹೋದರೆ 400 ಕಿಲೋಮೀಟರ್ ಆಸುಪಾಸು. 1902ರ 30 ಸಾವಿರ ವೋಲ್ಟಿನ ತಂತ್ರಕ್ಕೆ ಇದು ಆಗದ ಮಾತು. ಅದನ್ನು ಒಪ್ಪೋಣ. ತಂತಿಯಲ್ಲಿ ಹೆಚ್ಚು ಕರೆಂಟು ಹರಿದಷ್ಟೂ ಬಿಸಿಯಾಗಿ ವ್ಯರ್ಥವಾಗುತ್ತದೆ. ವೋಲ್ಟೇಜ್ ಎರಡು ಪಟ್ಟು ಮಾಡಿದರೆ ಅಷ್ಟೇ ಶಕ್ತಿಗೆ ಹರಿಯುವ ಕರೆಂಟು ಅರ್ಧ, ಆಗುವ ನಷ್ಟ ಕಾಲು ಭಾಗ. ಹಾಗಾಗಿ ದೂರ ಹೋಗಬೇಕಾದರೆ ವೋಲ್ಟೇಜ್ ಏರಿಸಬೇಕು. ಆದರೆ ಟಾಟಾದವರು 1915ರಲ್ಲೇ ಲಕ್ಷದ ಹತ್ತಿರದ ವೋಲ್ಟಿನಲ್ಲಿ ಬೊಂಬಾಯಿಗೆ ಕಳಿಸುತ್ತಿದ್ದರು. 1920ರ ದಶಕಕ್ಕೆ ದೂರ ಅನ್ನುವುದು ಎಂಜಿನಿಯರಿನ ತಲೆನೋವಾಗಿ ಉಳಿದಿರಲಿಲ್ಲ. ದುಡ್ಡಿನ ತಲೆನೋವಾಗಿತ್ತು.

ದುಡ್ಡು ಎಲ್ಲಿ ಹೋಗಿತ್ತು ಅಂದರೆ ಕನ್ನಂಬಾಡಿಗೆ. ಶಿವನಸಮುದ್ರದಲ್ಲಿ ಬೇಸಿಗೆಗೆ ನೀರು ಕಡಿಮೆಯಾಗಿ ಗಣಿಗೆ ಕೊಟ್ಟ ಮಾತು ತಪ್ಪುವ ಹಾಗಾಯಿತು. ಅದಕ್ಕೆ ಮೇಲೆ ನೀರು ನಿಲ್ಲಿಸಬೇಕಾಯಿತು. 1911ರಲ್ಲಿ ಕನ್ನಂಬಾಡಿ ಕೆಲಸ ಶುರುವಾಯಿತು. ಮದರಾಸು ಹಿಡಿದು ನಿಲ್ಲಿಸಿತು, 1914ರಲ್ಲಿ ಮಧ್ಯಸ್ಥಗಾರರ ತೀರ್ಪು ಬಂತು, ಮತ್ತೆ ತಕರಾರು, ಕೊನೆಗೆ 1924ರ ಒಪ್ಪಂದ. ಇಷ್ಟು ವರ್ಷ ಸಂಸ್ಥಾನದ ದುಡ್ಡು, ಎಂಜಿನಿಯರುಗಳು, ದಿವಾನರ ತಲೆ ಎಲ್ಲ ಅಲ್ಲೇ ಸಿಕ್ಕಿಕೊಂಡಿತ್ತು. ಕನ್ನಂಬಾಡಿ ಅಂದರೆ ಮಂಡ್ಯದ ಕಬ್ಬು, ಭತ್ತ ಅಂತ ನಾವು ಅಂದುಕೊಳ್ಳುತ್ತೇವೆ. ಅದರ ಹಿಂದೆ ಗಣಿಯ ಕರೆಂಟೂ ಅಷ್ಟೇ ಗಟ್ಟಿಯಾಗಿ ನಿಂತಿತ್ತು. ಅಣೆಕಟ್ಟು ಇಲ್ಲದೆ ಕರೆಂಟು ತೆಗೆಯಲಾಗದು ಅನ್ನುವ ವಾದಕ್ಕೂ ಇಲ್ಲೇ ಉತ್ತರ ಇದೆ. ಶಿವನಸಮುದ್ರದಲ್ಲಿ ಮೊದಲು ಗಿರಾಕಿ ಬಂದ, ಆಮೇಲೆ ಕರೆಂಟು ಬಂತು, ಅಣೆಕಟ್ಟು ಎಲ್ಲಕ್ಕಿಂತ ಕೊನೆಗೆ. ಹೌದು, ಕಾವೇರಿ ದೊಡ್ಡ ನದಿ, ಬೇಸಿಗೆಯಲ್ಲೂ ಅಷ್ಟಿಷ್ಟು ನೀರಿರುತ್ತದೆ, ಹಾಗಾಗಿ ಅಲ್ಲಿ ಆ ಕ್ರಮ ನಡೆಯಿತು. ಶರಾವತಿಯಲ್ಲಿ ನಡೆಯುತ್ತಿರಲಿಲ್ಲ. ಆದರೆ ಜೋಗಕ್ಕೆ ಅಣೆಕಟ್ಟು ಕಟ್ಟುವ ದುಡ್ಡನ್ನು ಯಾರ ಭರವಸೆಯ ಮೇಲೆ ಹಾಕಬೇಕು? ಆ ಗಿರಾಕಿಯೇ ಇರಲಿಲ್ಲ.

ಇರಲಿಲ್ಲ ಅಂತ ಪೂರ್ತಿ ಹೇಳುವ ಹಾಗೂ ಇಲ್ಲ. ನನಗೆ ಈ ಪ್ರಕರಣದಲ್ಲಿ ಅತಿ ಹೆಚ್ಚು ಕಾಡುವುದು ಭದ್ರಾವತಿ.

ಭದ್ರೆಯ ದಡದ ಕಬ್ಬಿಣದ ಕಾರ್ಖಾನೆಯಲ್ಲಿ 1923ರ ಜನವರಿಯಲ್ಲಿ ಮೊದಲ ಕಬ್ಬಿಣ ಹರಿಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ. ಮೈಸೂರಿನಲ್ಲಿ ಕಲ್ಲಿದ್ದಲು ಇಲ್ಲ. ಹಾಗಾಗಿ ಮಲೆನಾಡಿನ ಕಾಡನ್ನು ಕಡಿದು, ಇದ್ದಿಲು ಮಾಡಿ, ಆ ಇದ್ದಿಲಿನಿಂದ ಕಬ್ಬಿಣ ಕರಗಿಸಿದರು. ಸೌದೆ ಬೇಯಿಸುವಾಗ ಬರುವ ಹೊಗೆಯಿಂದ ರಾಸಾಯನಿಕ ತೆಗೆಯುವ ದೊಡ್ಡ ಘಟಕವನ್ನೂ ಹಾಕಿದ್ದರು. ಜೋಗ ಅಲ್ಲಿಂದ ಎಷ್ಟು ದೂರ? ಕೋಲಾರಕ್ಕೆ ಎಳೆದ ತಂತಿಗಿಂತ ಕಡಿಮೆ. ಅಂದರೆ 1902ರ ತಂತ್ರದಲ್ಲೇ ಜೋಗದಿಂದ ಭದ್ರಾವತಿಗೆ ಕರೆಂಟು ತಲುಪಿಸಬಹುದಿತ್ತು. ಒಂದು ಕಡೆ ಹೊಳೆ ಸುಮ್ನೆ ಬೀಳುತ್ತಿತ್ತು, ಇನ್ನೊಂದು ಕಡೆ ಕಾಡು ಒಲೆಗೆ ಹೋಗುತ್ತಿತ್ತು. ಎರಡೂ ಒಂದೇ ಜಿಲ್ಲೆಯಲ್ಲಿ.

ಮತ್ತೆ ಯಾಕೆ ಜೋಡಿಸಲಿಲ್ಲ? ನನ್ನ ಲೆಕ್ಕ ಹೀಗೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಕಬ್ಬಿಣದ ಬೆಲೆ ಬಿದ್ದುಹೋಯಿತು. ಕಾರ್ಖಾನೆ ಶುರುವಿನ ವರ್ಷಗಳಲ್ಲಿ ನಷ್ಟದಲ್ಲಿ ತೆವಳಿತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ 1923ರಲ್ಲಿ ಅದರ ಹೊಣೆ ಹೊತ್ತು ದಡ ಮುಟ್ಟಿಸಲು ಬರಬೇಕಾಯಿತು. ಅಂಥ ಕಾರ್ಖಾನೆ ವರ್ಷಕ್ಕೆ ಇಷ್ಟು ದುಡ್ಡು ಕೊಡುತ್ತೇನೆ ಅಂತ ಬರೆದುಕೊಟ್ಟರೂ ನಂಬುವವರು ಯಾರು? ಅದಕ್ಕಿಂತ ಮುಖ್ಯ, ಕಾರ್ಖಾನೆಯೂ ಸರ್ಕಾರದ್ದೇ, ಕರೆಂಟೂ ಸರ್ಕಾರದ್ದೇ. ಬಲಗೈ ಎಡಗೈಗೆ ಮಾರಿದ ಹಾಗೆ. ಕೋಲಾರದಲ್ಲಿ ಹೊರಗಿನ ದುಡ್ಡು ಒಳಗೆ ಬರುತ್ತಿತ್ತು. ಭದ್ರಾವತಿಯಲ್ಲಿ ಒಳಗಿನದೇ ತಿರುಗುತ್ತಿತ್ತು. ಇದನ್ನು ಯಾವ ದಿವಾನರೂ ಹೀಗೆ ಬಿಡಿಸಿ ಹೇಳಿದ್ದನ್ನು ನಾನು ಓದಿಲ್ಲ, ಇಸವಿಗಳನ್ನು ನೋಡಿ ನಾನೇ ಕಟ್ಟಿಕೊಂಡ ತೀರ್ಮಾನ ಇದು.

ಹೊರಗೆ ಬ್ರಿಟಿಷ್ ಸೀಮೆಯಲ್ಲೂ ಇದೇ ತಾಳ. 1897ರಲ್ಲಿ ಡಾರ್ಜಿಲಿಂಗಿನಲ್ಲಿ ಸಣ್ಣ ಜಲವಿದ್ಯುತ್ ಘಟಕ, ಅಲ್ಲಿ ಸಾಹೇಬರ ಗಿರಿಧಾಮ. 1899ರಲ್ಲಿ ಕಲಕತ್ತೆ, ಅಲ್ಲಿ ಕಂಪನಿಗಳ ಕಚೇರಿ. 1910ರ ವಿದ್ಯುತ್ ಕಾಯಿದೆ ಲೈಸೆನ್ಸು ಪಡೆದವರಿಗೆ ಒಂದೊಂದು ಪ್ರದೇಶ ಹಂಚಿಕೊಟ್ಟಿತು. ಲೈಸೆನ್ಸು ಹಿಡಿದವರು ಲಾಭ ಇರುವ ಪೇಟೆಯಿಂದ ಆಚೆ ಯಾಕೆ ಹೋಗುತ್ತಾರೆ? 1932ರ ಪೈಕಾರದ ಕರೆಂಟು ನೀಲಗಿರಿಯಿಂದ ಇಳಿದು ಕೊಯಮತ್ತೂರಿನ ಗಿರಣಿಗಳಿಗೆ ಹೋಯಿತು. ಮೈಸೂರಿನಲ್ಲಿ ಕಂಪನಿಯ ಬದಲು ಸರ್ಕಾರವೇ ಕರೆಂಟು ಮಾಡಿ ಮಾರಿತು, ಅದು ದೊಡ್ಡ ವ್ಯತ್ಯಾಸ. ಆದರೆ ಮಾರುವ ಲೆಕ್ಕಾಚಾರ ಬದಲಾಗಲಿಲ್ಲ.

1939 ರಿಂದ 1948

1930ರ ದಶಕದಲ್ಲಿ ಗಿರಾಕಿಗಳು ಒಬ್ಬೊಬ್ಬರಾಗಿ ಹುಟ್ಟಿದರು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ. ಭದ್ರಾವತಿಯಲ್ಲಿ ಉಕ್ಕು, ಕಾಗದ, ಸಿಮೆಂಟು. ಬೆಂಗಳೂರಿನಲ್ಲಿ ಗಿರಣಿ, ಕಾರ್ಖಾನೆ. ಶಿವನಸಮುದ್ರವನ್ನು ಹಿಗ್ಗಿಸಿ ಹಿಗ್ಗಿಸಿ 42 ಮೆಗಾವ್ಯಾಟಿಗೆ ತಂದು ಮುಗಿದಿತ್ತು. ಶಿಂಷಾದಲ್ಲಿ ಇನ್ನೊಂದು 17 ಮೆಗಾವ್ಯಾಟಿನ ಕೆಲಸ ಹಿಡಿದರು. ಅದೂ ಸಾಲದು ಅಂತ ಗೊತ್ತಾಯಿತು. ಆಗ ಎಲ್ಲರೂ ಶರಾವತಿಯ ಕಡೆ ತಿರುಗಿದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1939ರಲ್ಲಿ, ಕೆಲಸ ಶುರುವಾಯಿತು. ಆಗಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಅದು ಕೃಷ್ಣರಾಜೇಂದ್ರ ಜಲವಿದ್ಯುತ್ ಯೋಜನೆ.

ಶುರುವಾದ ವರ್ಷ ನೋಡಿ. ಅದೇ ವರ್ಷ ಯುರೋಪಿನಲ್ಲಿ ಯುದ್ಧ. ಯಂತ್ರಗಳು ಬರಬೇಕಾದದ್ದು ಹಡಗಿನಲ್ಲಿ, ಪರದೇಶದಿಂದ. ಮಹಾರಾಜರು 1940ರಲ್ಲಿ ತೀರಿಕೊಂಡರು. ಮುಂದಿನ ವರ್ಷ ಮಿರ್ಜಾ ದಿವಾನಗಿರಿ ಬಿಟ್ಟರು. ಇತ್ತ ಕಾಡಿನಲ್ಲಿ ಮಲೇರಿಯಾ. ಆಗಿನ ಸಾಗರ, ಹೊಸನಗರದ ಜ್ವರ ಅಂದರೆ ಹೊರಗಿನವರು ಹೆದರಿ ಓಡುವಂಥದು. ಕೂಲಿಗೆ ಬಂದವರು ಬಂದ ಹಾಗೇ ಮಲಗುತ್ತಿದ್ದರು ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ಶಿವಮೊಗ್ಗದಿಂದ ತಾಳಗುಪ್ಪದ ಕಡೆ ರೈಲು ಬಂದದ್ದೂ ಇದೇ ಕಾಲದಲ್ಲಿ, ಆಮೇಲೆ ಸಾಮಾನು ತರುವುದು ಒಂಚೂರು ಹಗುರವಾಯಿತು.

ನೀರು ನಿಲ್ಲಿಸಲು ಜಲಪಾತದ ಮೇಲೆ, ಮಡೆನೂರಿನ ಹತ್ತಿರ, ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. ಈ ಅಣೆಕಟ್ಟಿನ ಬಗ್ಗೆ ಸ್ವಲ್ಪ ನಿಂತು ಹೇಳಲೇಬೇಕು. ಇದರಲ್ಲಿ ಮೈಸೂರಿನ ಎಂಜಿನಿಯರ್ ವಿ. ಗಣೇಶ ಅಯ್ಯರ್ ರೂಪಿಸಿದ ಸೈಫನ್‌ಗಳಿವೆ. ನೋಡಲು ದೊಡ್ಡ ಕೊಳವೆಯ ಮೇಲೆ ಟೋಪಿ ಇಟ್ಟ ಹಾಗೆ. ನೀರು ಒಂದು ಮಟ್ಟ ದಾಟಿದ ಕೂಡಲೇ ಕೊಳವೆಯ ಅಂಚಿನ ಮೇಲೆ ಹರಿಯಲು ಶುರುವಾಗುತ್ತದೆ. ಅಲ್ಲಿ ಓರೆಯಾಗಿ ಕೂರಿಸಿದ ಹಲಗೆಗಳಿಗೆ ಬಡಿದು ಸುಳಿ ಏಳುತ್ತದೆ. ಸುಳಿ ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಹೋದ ಮೇಲೆ ಕೊಳವೆ ತಾನಾಗೇ ಬಾಯ್ತುಂಬ ನೀರು ಹೀರಿ ಕೆಳಗೆ ಬಿಡುತ್ತದೆ. ಮಟ್ಟ ಇಳಿದರೆ ಗಾಳಿ ನುಗ್ಗಿ ತಾನಾಗೇ ನಿಲ್ಲುತ್ತದೆ. ಗೇಟು ಎತ್ತಲು ಜನ ಬೇಡ, ಮೋಟಾರು ಬೇಡ. ಆರಿದ್ರೆ ಮಳೆಯಲ್ಲಿ, ನಡುರಾತ್ರಿ, ಕಾಡಿನ ನಡುವೆ, ಜ್ವರದ ಸೀಮೆಯಲ್ಲಿ ಯಾರನ್ನು ಗೇಟಿನ ಹತ್ತಿರ ಕಾವಲು ಕೂರಿಸುತ್ತೀರಿ? ಜಾಗ ನೋಡಿ ಮಾಡಿದ ಕೆಲಸ ಅಂದರೆ ಇದು.

ಕಾರ್ಗಲ್ಲಿನಲ್ಲಿ ಹೊಳೆಗೆ ಒಂದು ಒಡ್ಡು. ಅಲ್ಲಿಂದ ಸಿರೂರಿನ ಕೆರೆ. ಅಲ್ಲಿಂದ ಪೈಪುಗಳಲ್ಲಿ ಕಣಿವೆಯ ತಳದ ಪವರ್ ಹೌಸಿಗೆ. 1948ರಲ್ಲಿ ಯಂತ್ರ ತಿರುಗಿತು. ಆ ಹೊತ್ತಿಗೆ ಬ್ರಿಟಿಷರು ಹೋಗಿಯಾಗಿತ್ತು, ಗಾಂಧೀಜಿಯವರೂ ಇರಲಿಲ್ಲ. ಮಹಾರಾಜರ ಹೆಸರಿನಲ್ಲಿ ಶುರುವಾದದ್ದು ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರ ಅಂತ ಹೆಸರು ಬದಲಿಸಿಕೊಂಡಿತು. 1950ರ ದಶಕದ ಶುರುವಿಗೆ ಎಲ್ಲ ಯಂತ್ರ ಕೂತ ಮೇಲೆ ಅದರ ಶಕ್ತಿ 120 ಮೆಗಾವ್ಯಾಟ್. ಶಿವನಸಮುದ್ರ, ಶಿಂಷಾ ಎರಡನ್ನೂ ಕೂಡಿಸಿದರೂ ಇದರ ಅರ್ಧ. ಭದ್ರಾವತಿಗೆ ವಿದ್ಯುತ್ ಕುಲುಮೆ ಬಂದದ್ದೂ ಆಗಲೇ. ಕರೆಂಟಿನ ಶಾಖದಲ್ಲಿ ಕರಗಿಸಿದರೆ ಇದ್ದಿಲು ಕಡಿಮೆ ಸಾಕು. ಅಷ್ಟರಲ್ಲಿ ಹತ್ತಿರ ಹತ್ತಿರ 30 ವರ್ಷದ ಕಾಡು ಹೋಗಿತ್ತು.

ತಂತಿಯ ಕೆಳಗೆ

ನಮ್ಮ ಅಜ್ಜನ ಮನೆಯ ಗದ್ದೆಯಂಚಿನಲ್ಲಿ ಒಂದು ದೊಡ್ಡ ಲೈನಿನ ಟವರ್ ಇದೆ. ಮಳೆಗಾಲದಲ್ಲಿ ಅದರ ತಂತಿ ಜುಂಯ್ ಅಂತ ಸದ್ದು ಮಾಡುತ್ತದೆ. ಅಪ್ಪ ಸಣ್ಣವರಿದ್ದಾಗ ದನ ಕಾಯಲು ಹೋದವರಿಗೆ ಅದರ ಬುಡಕ್ಕೆ ಹೋಗಬೇಡಿ ಅಂತ ಗದರಿಸುತ್ತಿದ್ದರಂತೆ. ಮನೆಯೊಳಗೆ ಚಿಮಣಿ ಬುಡ್ಡಿ, ಜಗಲಿಗೆ ಲಾಟೀನು. ಅಪ್ಪ ಎಸ್ಸೆಸ್ಸೆಲ್ಸಿ ಓದಿದ್ದು ಆ ಬುಡ್ಡಿಯ ಬೆಳಕಿನಲ್ಲೇ. ಜೋಗದ ಕಾಲೋನಿಯಲ್ಲಿ ಬೀದಿಗೆಲ್ಲ ಲೈಟು. ರಾತ್ರಿ ಯಕ್ಷಗಾನ ನೋಡಿ ಗುಡ್ಡ ಹತ್ತಿ ವಾಪಸು ಬರುವಾಗ ಆ ಬೆಳಕು ದೂರದಿಂದ ಕಾಣುತ್ತಿತ್ತು, ಕೈಯಲ್ಲಿ ಸೂಡಿ ಹಿಡಿದುಕೊಂಡು ಅದನ್ನು ನೋಡುತ್ತಾ ಬರುತ್ತಿದ್ದೆವು ಅಂತ ಅಪ್ಪ ನಗುತ್ತಾರೆ.

ಮಲೆನಾಡಿಗೆ ಕರೆಂಟಿನ ಅಗತ್ಯ ಇರಲಿಲ್ಲ, ಅದಕ್ಕೇ ಬರಲಿಲ್ಲ ಅನ್ನುವವರಿದ್ದಾರೆ. ಅವರು ಅಡಿಕೆ ಸುಗ್ಗಿ ನೋಡಿಲ್ಲ. ಕೊಯ್ದ ಅಡಿಕೆಯನ್ನು ಬಿಡುವ ಹಾಗಿಲ್ಲ, ಬೇಗ ಸುಲಿದು ಬೇಯಿಸಬೇಕು. ಚಳಿಗಾಲದ ರಾತ್ರಿ ಚಪ್ಪರದ ಕೆಳಗೆ ಹತ್ತಿಪ್ಪತ್ತು ಜನ ಮೆಟ್ಟುಗತ್ತಿಯ ಮೇಲೆ ಕೂತು ಹನ್ನೆರಡರವರೆಗೂ ಸುಲಿಯುತ್ತಿದ್ದರು. ನಡುವೆ ಒಂದು ಲಾಟೀನು, ಅನುಕೂಲಸ್ಥರಾದರೆ ಪೆಟ್ರೋಮ್ಯಾಕ್ಸ್. ನಮ್ಮ ಅಜ್ಜಿಯ ಎಡಗೈ ಹೆಬ್ಬೆರಳಿನಲ್ಲಿ ಕತ್ತಿ ತಾಗಿದ ಗುರುತು ಏಳೆಂಟು ಇದ್ದವು. 'ಬೆಳಕಿದ್ದಿದ್ರೆ ಇದರಲ್ಲಿ ಅರ್ಧ ಇರ್ತಿರ್ಲಿಲ್ಲ' ಅನ್ನುತ್ತಿದ್ದರು. ಬೇಕು ಅನ್ನುವವರು ಇದ್ದರು. ಆದರೆ ಒಂದು ಗುಡ್ಡಕ್ಕೆ ಒಂದು ಮನೆ, ಒಂದು ಮನೆಗೆ ಹತ್ತು ಕಂಬ, ಉರಿಸುವುದು ಎರಡು ಬಲ್ಬು. ಗಣಿ ನೋಡಿ ಕಲಿತ ಲೆಕ್ಕದಲ್ಲಿ ಈ ಮನೆ ಗಿರಾಕಿಯಾಗಿ ಕಾಣುವುದು ಹೇಗೆ? ಸೆಕೆಂಡಿಗೆ 1000 ಲೀಟರ್ ನೀರಿನ 2 ಮೆಗಾವ್ಯಾಟನ್ನು 60 ವ್ಯಾಟಿನ ಎರಡೆರಡು ಬಲ್ಬಿಗೆ ಹಂಚಿದರೆ 16 ಸಾವಿರ ಮನೆಗೆ ಬರುತ್ತದೆ. ಆಗಿನ ಸಾಗರ ತಾಲೂಕಿಗೆ ನೀರು ಕಡಿಮೆ ಬೀಳುತ್ತಿರಲಿಲ್ಲ. ಕಂಬ ಕಡಿಮೆ ಬೀಳುತ್ತಿತ್ತು.

ಇನ್ನು ನೀರಿನ ಕೆಳಗೆ ಹೋದವರು. ಅಜ್ಜಿಯ ತಂಗಿಯನ್ನು ಕೊಟ್ಟ ಮನೆ ಹಿರೇಭಾಸ್ಕರದ ಹಿನ್ನೀರಿಗೆ ಹೋಯಿತು. ಅವರು ಗದ್ದೆ ಬಿಟ್ಟು ಒಂದೆರಡು ಮೈಲಿ ಮೇಲಕ್ಕೆ ಬಂದು ಗುಡ್ಡದ ಓರೆಯಲ್ಲಿ ಮನೆ ಕಟ್ಟಿ, ತೋಟ ಹಾಕಿದರು. ಅಡಿಕೆ ಸಸಿ ಫಲಕ್ಕೆ ಬರಲು ಏಳೆಂಟು ವರ್ಷ ಬೇಕು. ಫಲ ಬಂದು ಕೈಗೆ ನಾಲ್ಕು ಕಾಸು ಸೇರುವಷ್ಟರಲ್ಲಿ ಲಿಂಗನಮಕ್ಕಿಯ ಸರ್ವೆಯವರು ಬಂದರು. 1964ರಲ್ಲಿ ಆ ದೊಡ್ಡ ಅಣೆಕಟ್ಟು ತುಂಬಿದಾಗ ಎರಡನೇ ಮನೆಯೂ ಹೋಯಿತು, ಹಿರೇಭಾಸ್ಕರ ಅಣೆಕಟ್ಟೂ ಹೋಯಿತು. ಈಗ ಬೇಸಿಗೆಯಲ್ಲಿ ಲಿಂಗನಮಕ್ಕಿ ಪೂರ್ತಿ ಇಳಿದರೆ ಮಡೆನೂರಿನಲ್ಲಿ ಹಳೇ ಅಣೆಕಟ್ಟಿನ ಗೋಡೆ, ಆ ಟೋಪಿಯ ಸೈಫನ್ನುಗಳು ಕೆಸರು ಮೆತ್ತಿಕೊಂಡು ಮೇಲೆ ಬರುತ್ತವೆ. ಜನ ಫೋಟೋ ತೆಗೆಸಿಕೊಳ್ಳಲು ಹೋಗುತ್ತಾರೆ. ಒಂದು ವರ್ಷ ನಾನೂ ಹೋಗಿದ್ದೆ. ಜೊತೆಗೆ ಬಂದಿದ್ದ ಚಿಕ್ಕಜ್ಜಿಯ ಮಗ ಅಣೆಕಟ್ಟಿನ ಕಡೆ ನೋಡಲೇ ಇಲ್ಲ. ದೂರದ ಒಂದು ದಿಬ್ಬ ತೋರಿಸಿ 'ಬಾವಿ ಅಲ್ಲಿತ್ತು' ಅಂದರು, ವಾಪಸು ಹೊರಟರು.

ಅಜ್ಜನ ಮನೆಗೆ ಕರೆಂಟು ಬಂದದ್ದು 1970ರ ದಶಕದ ಕೊನೆಗೆ. ಟವರ್ ಗದ್ದೆಗೆ ಬಂದು ಆಗಲೇ ಕಾಲು ಶತಮಾನದ ಮೇಲಾಗಿತ್ತು. ಅರ್ಜಿ ಕೊಟ್ಟು, ಕಚೇರಿ ತಿರುಗಿ, ಕೇರಿಯ ಐದು ಮನೆಯವರು ಸೇರಿ ಕಂಬ ಹೊತ್ತು ತಂದು ನಿಲ್ಲಿಸಿಕೊಟ್ಟ ಮೇಲೆ ಲೈನ್‌ಮನ್ ಬಂದು ಮೀಟರ್ ಕೂರಿಸಿದ. ಅಜ್ಜ ಕೇಳಿದ ಮೊದಲ ಪ್ರಶ್ನೆಯನ್ನು ಅಪ್ಪ ಈಗಲೂ ಹೇಳುತ್ತಾರೆ.

'ಉರಿಸದೇ ಇದ್ದರೂ ದುಡ್ಡು ಕಟ್ಟಬೇಕಾ ಮಾರಾಯ?'

'ಕಟ್ಟಬೇಕು ಅಜ್ಜ, ಮಿನಿಮಮ್ ಚಾರ್ಜು.'

ಅಜ್ಜ ಸ್ವಲ್ಪ ಹೊತ್ತು ಮೀಟರನ್ನೇ ನೋಡಿದರಂತೆ. ಆಮೇಲೆ ದೇವರ ಮನೆಗೆ ಅಂತ ತಂದಿದ್ದ ಬಲ್ಬನ್ನು ಎತ್ತಿ ಕೊಟ್ಟು, ಮೊದಲು ಅಡಿಕೆ ಸುಲಿಯುವ ಚಪ್ಪರಕ್ಕೆ ಹಾಕು ಅಂದರು.